ಎರಡು ಪವರ್ ಸಪ್ಲೈ ಇರುವ ಸ್ಟೋರೇಜ್‌ಗೆ ಒಂದು ಸಾಕೆಟ್ ಸಾಕೇ?

ಡೇಟಾ ಇಡುವ, 24 ಹಾರ್ಡ್ ಡಿಸ್ಕ್‌ಗಳ ಸ್ಟೋರೇಜ್ ಯಂತ್ರದಲ್ಲಿ 800 ವ್ಯಾಟ್‌ನ ಎರಡು ಪವರ್ ಸಪ್ಲೈಗಳಿರುವುದರಿಂದ ಒಟ್ಟು 1600 ವ್ಯಾಟ್ ಬೇಕೇ, ಕಚೇರಿಯಲ್ಲಿರುವ ಒಂದು 16 ಆಂಪಿಯರ್ ಸಾಕೆಟ್ ಸಾಕೇ ಎಂದು ಕೇಳಿದ್ದೀರಿ. 1600 ವ್ಯಾಟ್ ಬೇಕಿಲ್ಲ. ಆದರೆ ಒಂದು ಸಾಕೆಟ್ ಸಾಲದು.

3.5 ಇಂಚಿನ ಡಿಸ್ಕ್ ಒಂದು ಕೆಲಸದಲ್ಲಿರುವಾಗ ಸುಮಾರು 7ರಿಂದ 10 ವ್ಯಾಟ್ ಬಳಸುತ್ತದೆ. 24 ಡಿಸ್ಕ್‌ಗಳಿಗೆ 240 ವ್ಯಾಟ್ ಎಂದಿಟ್ಟುಕೊಂಡು, ಕಂಟ್ರೋಲರ್ ಮತ್ತು ಫ್ಯಾನ್‌ಗಳಿಗೆ ಇನ್ನೊಂದು 200 ಸೇರಿಸಿದರೂ 230 ವೋಲ್ಟ್‌ನಲ್ಲಿ ಅದು ಸುಮಾರು 2 ಆಂಪಿಯರ್ ಅಷ್ಟೇ. ಆದರೆ ನಿಂತಿದ್ದ ಡಿಸ್ಕ್ ತಿರುಗಲು ಆರಂಭಿಸುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್ ಎಳೆಯುತ್ತದೆ. 800ರ ಸಾಮರ್ಥ್ಯ ಮುಖ್ಯವಾಗಿ ಬೇಕಾಗುವುದು ಆ ಕೆಲವು ಕ್ಷಣಗಳಿಗೆ. ಡಿಸ್ಕ್‌ಗಳನ್ನು ಸರದಿಯಲ್ಲಿ ಚಾಲೂ ಮಾಡುವ ವ್ಯವಸ್ಥೆಯಿದ್ದರೆ ಅದನ್ನು ಬಳಸಿ.

ಎರಡು ಪವರ್ ಸಪ್ಲೈಗಳು ಸಾಮಾನ್ಯವಾಗಿ ಭಾರವನ್ನು ಹಂಚಿಕೊಳ್ಳುತ್ತವೆ. ಒಂದು ಕೆಟ್ಟಾಗ ಉಳಿದದ್ದು ಇಡೀ ಭಾರವನ್ನು ಹೊರಬೇಕು. ಎರಡೂ ಕೇಬಲ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿರುವುದನ್ನು ನಾನು ಪದೇ ಪದೇ ನೋಡುತ್ತೇನೆ. ಅಲ್ಲಿ ಒಂದು ಎಂಸಿಬಿ (ಭಾರ ಹೆಚ್ಚಾದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್) ಬಿದ್ದರೆ ಎರಡೂ ಹೋಗುತ್ತವೆ, ಎರಡನೆಯದಕ್ಕೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಆದ್ದರಿಂದ ಪ್ರತ್ಯೇಕ ಎಂಸಿಬಿಗಳಿರುವ ಎರಡು ಲೈನ್ ಎಳೆಸಿ, ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದಾಗ ಕ್ಷಣವೂ ತಡೆಯಿಲ್ಲದೆ ಬ್ಯಾಟರಿಯಿಂದ ವಿದ್ಯುತ್ ಕೊಡುವಂಥದ್ದು) ಇಡಿ. ಎರಡು ಯುಪಿಎಸ್‌ಗಳೂ ತಲಾ ಶೇ. 60ರಷ್ಟು ಭಾರ ತೋರಿಸುತ್ತಿದ್ದರೆ ಎಲ್ಲವೂ ಸರಿಯಿದೆ ಎನಿಸುತ್ತದೆ, ಆದರೆ ಒಂದು ನಿಂತ ಕೂಡಲೇ ಇನ್ನೊಂದರ ಮೇಲೆ ಶೇ. 120 ಬೀಳುತ್ತದೆ. ನಿಮ್ಮ ಸ್ಟೋರೇಜ್ ಒಂದಕ್ಕೇ ಆದರೆ ತಲಾ 1 ಕೆವಿಎ ಸಾಕು. ಯುಪಿಎಸ್ ನಿಜಕ್ಕೂ ಕೊಡಬಲ್ಲ ವ್ಯಾಟ್ ಅದರ ಕೆವಿಎ ಅಂಕಿಗಿಂತ ಕಡಿಮೆ ಇರಬಹುದು, ಆದ್ದರಿಂದ ಕೊಳ್ಳುವಾಗ ಕೆವಿಎ ಜೊತೆಗೆ ವ್ಯಾಟ್ ಅಂಕಿಯನ್ನೂ ಓದಿ.

ಅರ್ಥಿಂಗ್ ಪರೀಕ್ಷಿಸದೆ ಯಂತ್ರವನ್ನು ಚಾಲೂ ಮಾಡಬೇಡಿ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಎರಡು ಮೂರು ವೋಲ್ಟ್ ದಾಟಿದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪ್ರತಿ ಪವರ್ ಸಪ್ಲೈನ ಫಿಲ್ಟರ್‌ನಿಂದಲೂ ಅಲ್ಪ ಪ್ರಮಾಣದ ವಿದ್ಯುತ್ ಅರ್ಥ್‌ಗೆ ಸೋರುವುದರಿಂದ, ಹತ್ತಾರು ಕಂಪ್ಯೂಟರ್‌ಗಳಿರುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿಗೇ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಈ ಸ್ಟೋರೇಜ್ ಅನ್ನೂ ಸೇರಿಸಿದರೆ ಅದು ಕಾರಣವಿಲ್ಲದೆ ಟ್ರಿಪ್ ಆದಂತೆ ಕಾಣುತ್ತದೆ.

ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 450 ವ್ಯಾಟ್ ಒಂದು ಟನ್ ಎಸಿಗೆ ದೊಡ್ಡದಲ್ಲ, ಆದರೆ ಕರೆಂಟ್ ಹೋದಾಗ ಎಸಿ ನಿಂತು, ಯುಪಿಎಸ್ ಮೇಲೆ ಸ್ಟೋರೇಜ್ ಮಾತ್ರ ಓಡುತ್ತಿರುತ್ತದೆ. ಹಾಗಾಗಿ ಬ್ಯಾಟರಿ ಮುಗಿಯುವ ಮೊದಲೇ ಅದು ತಾನಾಗಿ ಶಟ್‌ಡೌನ್ ಆಗುವಂತೆ ಯುಪಿಎಸ್‌ನ ಸೂಚನೆಯನ್ನು ನೆಟ್‌ವರ್ಕ್ ಮೂಲಕ ಜೋಡಿಸಿಕೊಳ್ಳಿ.