ಕ್ಯೂಬ್ ತಗೊಳ್ಳಿ, ಆದರೆ ತೂಕ ನೋಡ್ಕೊಳ್ಳಿ
ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ದೆಹಲಿ ವಿಮಾನ ಹತ್ತುತ್ತೇವೆ, ಮೂವರಿಗೂ ಒಂದೇ ಕ್ಯಾಬಿನ್ ಟ್ರಾಲಿ, ಪ್ಯಾಕಿಂಗ್ ಕ್ಯೂಬ್ (ಬ್ಯಾಗಿನೊಳಗೆ ಬಟ್ಟೆ ವಿಂಗಡಿಸಿ ಇಡುವ ಜಿಪ್ ಚೀಲ) ಬೇಕಾ ಅಂತ ಕೇಳಿದ್ದೀರಿ. ಖಂಡಿತ ತಗೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡಿ. ಮಗುವಿನ ಸ್ವೆಟರ್ ಬೇಕಾದಾಗ ಆ ಕ್ಯೂಬ್ ಮಾತ್ರ ಎಳೆದರೆ ಸಾಕು, ಉಳಿದದ್ದು ಕದಲುವುದಿಲ್ಲ. ಟೀ ಶರ್ಟ್‌ಗಳನ್ನು ಸುರುಳಿ ಸುತ್ತಿ ಸಾಲಾಗಿ ಇಡಿ, ಮೇಲಿನ ಜಾಲರಿಯಿಂದಲೇ ಯಾವುದು ಎಲ್ಲಿದೆ ಅಂತ ಕಾಣುತ್ತದೆ.

ಎರಡು ಜಿಪ್‌ನ ಕಂಪ್ರೆಷನ್ ಕ್ಯೂಬ್ ಗಾತ್ರ ಇಳಿಸುತ್ತದೆ, ತೂಕ ಇಳಿಸುವುದಿಲ್ಲ; ಜಾಗ ಉಳೀತಲ್ಲ ಅಂತ ಇನ್ನೂ ನಾಲ್ಕು ಬಟ್ಟೆ ತುರುಕಿದರೆ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ ಇರುವ 7 ಕೆಜಿ ಮಿತಿ ದಾಟಿಬಿಡುತ್ತದೆ, ಮನೆಯಲ್ಲೇ ತೂಗಿ ನೋಡಿ. ರೇಷ್ಮೆ ಸೀರೆಯನ್ನಂತೂ ಅದರಲ್ಲಿ ಒತ್ತಲೇಬೇಡಿ, ಜರಿ ಹಾಳಾಗುತ್ತದೆ. ದುಬಾರಿ ಸೆಟ್ ಸುಮ್ನೆ ಯಾಕೆ ಅನಿಸಿದರೆ ನಿಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಜಿಪ್ ಇರುವ ಸೀರೆ ಕವರ್ ವಿಚಾರಿಸಿ, ಅದೂ ನಡೆಯುತ್ತದೆ.