ಓಬವ್ವನ ಊರಿಗೆ ಕೇಟಮ್ಮ ಯಾಕೆ?

ಹೊಳಲ್ಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಆರು ಪುಟದ ಪತ್ರದ ತಿರುಳು ಇಷ್ಟು: "ಹೋದ ಸಂಚಿಕೆಯಲ್ಲಿ ನ್ಯೂಜಿಲೆಂಡಿನಲ್ಲಿ ಹೆಂಗಸರ ಓಟಿಗೆ ಹೋರಾಡಿದ ಕೇಟ್ ಶೆಪರ್ಡ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಒನಕೆ ಓಬವ್ವನಿಗೆ ವರ್ಷಕ್ಕೊಮ್ಮೆ ಅರ್ಧ ಪುಟ. ದಾವಣಗೆರೆಯವರ ಕಣ್ಣಿಗೆ ದುರ್ಗ ಕಾಣುವುದಿಲ್ಲವೇ? ಆ ಕೇಟಮ್ಮ ಮಾಡಿದ್ದಾದರೂ ಏನು, ಅರ್ಜಿ ಬರೆದದ್ದು ತಾನೇ? ನಮ್ಮ ಹೆಂಗಸರಿಗೆ ಮತದ ಹಕ್ಕು ಕೇಳದೆಯೇ ಸಂವಿಧಾನದಲ್ಲಿ ಬಂತು. ನಮ್ಮ ಮನೆಯವರದೂ ಇದೇ ಅಭಿಪ್ರಾಯ."

ಮೇಷ್ಟ್ರೇ, ಮೊದಲು ದುರ್ಗದ ಮಾತು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಓಬವ್ವನ ಕಿಂಡಿಯ ಮುಂದೆ ನಿಂತು ಮೈ ಜುಮ್ಮೆನ್ನದವನು ಈ ಕಡೆ ಹುಟ್ಟಿಲ್ಲ. ಗಂಡನ ಊಟದ ಹೊತ್ತಿನಲ್ಲಿ ಒನಕೆ ಎತ್ತಿದವಳ ಮುಂದೆ ಯಾರನ್ನೂ ತಂದು ನಿಲ್ಲಿಸಬೇಕಿಲ್ಲ. ಅರ್ಧ ಪುಟ ಕಡಿಮೆಯಾಯಿತು, ತಪ್ಪು ನನ್ನದು.

ಆದರೆ "ಅರ್ಜಿ ಬರೆದದ್ದು ತಾನೇ" ಎಂದಿರಲ್ಲ, ಅಲ್ಲಿ ನನಗೆ ಉರಿಯಿತು. ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಹೇಳುವ ಮಾತೇ ಇದು? ಒಬ್ಬಳು ಒಂದು ಹೊತ್ತು ಒನಕೆ ಎತ್ತಿದರೆ ಊರು ಇನ್ನೂರು ವರ್ಷ ದಾಟಿದರೂ ಹಾಡುತ್ತದೆ. ಇನ್ನೊಬ್ಬಳು ವರ್ಷಗಟ್ಟಲೆ ಮನೆಮನೆ ತಿರುಗಿ ಸಹಿ ಕೂಡಿಸಿದರೆ ಅದು ಗುಮಾಸ್ತಿಕೆ!

ಕೇಟ್ ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ, ಬಾಳಿದ್ದು ಕ್ರೈಸ್ಟ್‌ಚರ್ಚ್‌ನಲ್ಲಿ. ಆಕೆ ಶುರು ಮಾಡಿದ್ದು ಮತದಿಂದಲ್ಲ, ಹೆಂಡದಿಂದ. ಅಲ್ಲಿನ ಮದ್ಯವಿರೋಧಿ ಹೆಂಗಸರ ಸಂಘದವರು ಮಕ್ಕಳಿಗೆ ಹೆಂಡ ಮಾರಬೇಡಿ ಎಂದು 1885ರಲ್ಲಿ ಸಂಸತ್ತಿಗೆ ಅರ್ಜಿ ಕೊಟ್ಟರೆ ಅದು ಕಸದ ಬುಟ್ಟಿ ಸೇರಿತು. ಓಟಿಲ್ಲದವರ ಮಾತಿಗೆ ಯಾವ ರಾಜಕಾರಣಿ ಕಿವಿಗೊಡುತ್ತಾನೆ? ಓಟು ಕೇಳೋಣ ಎಂದು ಹೊರಟರು. 1891ರಲ್ಲಿ ಒಂಬತ್ತು ಸಾವಿರ ಚಿಲ್ಲರೆ ಸಹಿ, ಮರುವರ್ಷ ಇಪ್ಪತ್ತು ಸಾವಿರದ ಆಸುಪಾಸು, 1893ರಲ್ಲಿ ಹತ್ತಿರಹತ್ತಿರ 32 ಸಾವಿರ. ಆ ಕೊನೆಯ ದೊಡ್ಡ ಅರ್ಜಿಯ ಹಾಳೆಗಳನ್ನು ಕೇಟ್ ಮನೆಯಲ್ಲಿ ಕೂತು ಒಂದಕ್ಕೊಂದು ಅಂಟಿಸಿದಳು. ಸುಮಾರು 270 ಮೀಟರು ಉದ್ದವಾಯಿತು. ಸುತ್ತಿಟ್ಟದ್ದು ಯಾವುದಕ್ಕೆ ಗೊತ್ತೇ? ಕಸಬರಿಗೆಯ ಕೋಲಿಗೆ. ಇವರ ಪರವಿದ್ದ ಸಂಸದ ಸರ್ ಜಾನ್ ಹಾಲ್ ಅದನ್ನು ಸಭೆಯ ನಡುವೆ ಉರುಳಿಸಿದಾಗ ಕೋಲು ಆ ತುದಿಯ ಗೋಡೆಗೆ ಹೋಗಿ ಬಡಿಯಿತಂತೆ. ಒನಕೆಯವರಿಗೆ ಕಸಬರಿಗೆ ಅಷ್ಟು ಪರಕೀಯವಾಯಿತೇ?

ಹೆಂಡದಂಗಡಿಯವರು ಸುಮ್ಮನಿದ್ದರೇ? ಕುಡಿಯುವ ಕಟ್ಟೆಗಳಲ್ಲೇ ಎದುರು ಅರ್ಜಿಗೆ ಸಹಿ ಹಾಕಿಸಿದರು. ಅದರಲ್ಲಿ ಸುಳ್ಳು ಸಹಿಗಳು ಸಿಕ್ಕಿ ಮಾನ ಹೋಯಿತು. ಮೇಲ್ಮನೆಯಲ್ಲಿ ಮಸೂದೆ ಗೆದ್ದದ್ದು 18ರ ಎದುರು 20 ಮತಗಳಲ್ಲಿ, ಅದೂ ಪ್ರಧಾನಿ ಸೆಡನ್ನನ ತಂತ್ರಕ್ಕೆ ಸಿಟ್ಟಾದ ಇಬ್ಬರು ವಿರೋಧಿಗಳು ಈ ಕಡೆ ಬಿದ್ದದ್ದರಿಂದ. 1893ರ ಸೆಪ್ಟೆಂಬರ್ 19ಕ್ಕೆ ಕಾನೂನಾಯಿತು. ನವೆಂಬರಿನ ಚುನಾವಣೆಯಲ್ಲಿ ತೊಂಬತ್ತು ಸಾವಿರ ಹೆಂಗಸರು ಓಟು ಹಾಕಿದರು. ಅಲ್ಲಿನ ಮೂಲನಿವಾಸಿ ಮಾವೊರಿ ಹೆಣ್ಣುಮಕ್ಕಳೂ ಡಿಸೆಂಬರಿನಲ್ಲಿ ತಮ್ಮ ಕ್ಷೇತ್ರಗಳಲ್ಲಿ ಹಾಕಿದರು. ಚುನಾವಣೆಗೆ ನಿಲ್ಲುವ ಹಕ್ಕಿಗೆ ಮಾತ್ರ 1919ರವರೆಗೆ ಕಾಯಬೇಕಾಯಿತು. ಈಗ ಅವರ ಹತ್ತು ಡಾಲರ್ ನೋಟಿನ ಮೇಲೆ ಆಕೆಯ ಮುಖವಿದೆ.

ಇದೆಲ್ಲ ಸಮುದ್ರದಾಚೆಯ ಕಥೆ ಎನ್ನುತ್ತೀರಿ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳಿ ಸಾವಿರಾರು ಹೆಂಗಸರು ಬೆಂಗಳೂರಿಗೆ ನಡೆದು ಹೋದದ್ದು ಎಲ್ಲಿಂದ? ನಿಮ್ಮ ಚಿತ್ರದುರ್ಗದಿಂದಲೇ! ಸುಮಾರು ಇನ್ನೂರು ಕಿಲೋಮೀಟರು, ಹೆದ್ದಾರಿಯ ಬಿಸಿಲಲ್ಲಿ. ಬೆಂಗಳೂರು ಮುಟ್ಟಿದರು, ನಿಷೇಧ ಬರಲಿಲ್ಲ. ಇವರ ಕೈಯಲ್ಲಿ ಓಟು ಇದ್ದೂ ಹೀಗಾಯಿತಲ್ಲ ಎಂಬ ಸಂಕಟಕ್ಕೇ ನಾನು ಕೇಟ್‌ಳನ್ನು ಹುಡುಕಿಕೊಂಡು ಹೋದದ್ದು.

ಇನ್ನು "ಕೇಳದೆಯೇ ಬಂತು" ಎಂಬುದು. ಎಲ್ಲರಿಗೂ ಓಟು ಕೊಟ್ಟದ್ದು ಸಂವಿಧಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿದ್ದರು ಮೇಷ್ಟ್ರೇ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗವೊಂದು ಮದ್ರಾಸಿನಲ್ಲಿ ಭಾರತದ ಉಸ್ತುವಾರಿಯ ಬ್ರಿಟಿಷ್ ಮಂತ್ರಿ ಮಾಂಟೆಗುವನ್ನು ಕಂಡು ಕೇಳಿತು. 1919ರಲ್ಲಿ ಹೀರಾಬಾಯಿ ಟಾಟಾ ಮಗಳನ್ನು ಕಟ್ಟಿಕೊಂಡು ಲಂಡನ್ನಿಗೇ ಹೋಗಿ ಕೇಳಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. ನಮ್ಮ ಶಾಲೆಯ ಪಾಠಗಳಲ್ಲಿ ಇವರ ಈ ಕೆಲಸಕ್ಕೆ ಎಷ್ಟು ಸಾಲು ಇತ್ತು, ನೀವೇ ಹೇಳಿ.

ಹಕ್ಕು ಬಂದ ಮೇಲಾದರೂ? 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಬಿಟ್ಟುಹೋದರು. ಬಹುಪಾಲು ಉತ್ತರದ ರಾಜ್ಯಗಳವರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರು, ಸ್ವಂತ ಹೆಸರು ಹೇಳಿರಲಿಲ್ಲ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸರಿಲ್ಲದೆ ಆಗದು ಎಂದು ಪಟ್ಟುಹಿಡಿದರು. ನಗಬೇಡಿ. ನಮ್ಮ ಪತ್ರಿಕೆಗೆ ಕವಿತೆ ಕಳಿಸುವ ಅಕ್ಕಂದಿರ ಚಂದಾ ಇವತ್ತಿಗೂ ಯಜಮಾನರ ಹೆಸರಿನಲ್ಲೇ ಬರುತ್ತದೆ. ಕವಿತೆ ಯಾಕೆ ಹಾಕಲಿಲ್ಲ ಎಂದು ಫೋನು ಮಾಡಿ ಜಗಳಕ್ಕೆ ನಿಲ್ಲುವವರೂ ಯಜಮಾನರೇ. ಅವರು ಓದಿರುವುದಿಲ್ಲ, ಅದು ಬೇರೆ.

ಹೆಂಗಸರಿಗೆ ಪಂಚಾಯಿತಿಯಲ್ಲಿ ಕಾಲುಭಾಗ ಮೀಸಲಿಟ್ಟು 1987ರಲ್ಲೇ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಈಗ ಅರ್ಧ. ಹೋದ ವರ್ಷ ಹಳ್ಳಿಯೊಂದರ ಪಂಚಾಯಿತಿಗೆ ಹೋಗಿದ್ದೆ. ಅಧ್ಯಕ್ಷರ ಕುರ್ಚಿಯಲ್ಲಿ ಬಿಳಿ ಅಂಗಿಯವರೊಬ್ಬರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಅಧ್ಯಕ್ಷರು ಎಲ್ಲಿ ಅಂದೆ. "ಮನೇಲಿದಾಳೆ, ಸಹಿ ಬೇಕಿದ್ರೆ ಕೊಡಿ, ಹಾಕಿಸ್ಕೊಂಡು ಬರ್ತೀನಿ" ಅಂದರು. 270 ಮೀಟರು ಸಹಿ ನೆನಪಾಗಿ ಟೀ ಕೂಡ ಕುಡಿಯದೆ ಎದ್ದು ಬಂದೆ.

ಎಲ್ಲಿಂದಲೋ ಎಲ್ಲಿಗೋ ಬಂದೆ. ನಿಮ್ಮ ಬೇಡಿಕೆ ನ್ಯಾಯವೇ. ನವೆಂಬರಿನ ಓಬವ್ವ ಜಯಂತಿಗೆ ನಾಲ್ಕು ಪುಟ ಎತ್ತಿಟ್ಟಿದ್ದೇನೆ, ಬರೆಯುವ ಹೊಣೆ ನಿಮ್ಮದು. ಇದೇ ಅಭಿಪ್ರಾಯ ಎಂದು ನೀವು ಬರೆದಿರುವ ನಿಮ್ಮ ಮನೆಯವರಿಗೂ ಒಂದು ಪುಟ ಬೇರೆಯಾಗಿ ಇಟ್ಟಿದ್ದೇನೆ. ಪತ್ರ ಅವರ ಅಕ್ಷರದಲ್ಲೇ ಇರಲಿ, ಇಪ್ಪತ್ತನೇ ತಾರೀಕಿನೊಳಗೆ ಕೈಸೇರಲಿ. ಅಂದಹಾಗೆ, ಆರು ಪುಟದಲ್ಲಿ ಅವರ ಹೆಸರು ಎಲ್ಲೂ ಬರೆದಿಲ್ಲ ನೀವು.