ಇಗರ್ಜಿಯ ಬೇಲಿಯ ರಿಬ್ಬನ್‌ಗಳ ಬಗ್ಗೆ ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ಕುಂಬಳೆಯಿಂದ ಆಸ್ಟ್ರೇಲಿಯದ ಬ್ಯಾಲರಾಟ್‌ಗೆ ಬಂದಿರುವ ನೀನು ಕೇಳಿದ ಬಾಡಿಗೆ ಮನೆ, ಕುಚ್ಚಲಕ್ಕಿಯ ವಿಚಾರವನ್ನು ಫೋನಿನಲ್ಲಿ ಹೇಳುತ್ತೇನೆ. ಆದರೆ ಊರಿನಲ್ಲಿ ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಕಲಿಸುತ್ತಿದ್ದ ನಿನ್ನಲ್ಲಿ ಇಲ್ಲಿನ ಇಗರ್ಜಿಯವರು (ಚರ್ಚಿನವರು) ಮಕ್ಕಳೊಡನೆ ಕೆಲಸ ಮಾಡುವವರಿಗೆ ಬೇಕಾದ ಸರಕಾರಿ ಪರಿಶೀಲನೆಯ ಕಾರ್ಡು ಕೇಳಿದ್ದು ಅವಮಾನವಲ್ಲವೇ, ಬೇಲಿಗೆ ಬಣ್ಣದ ರಿಬ್ಬನ್‌ಗಳನ್ನು ಕಟ್ಟಿರುವುದೇಕೆ ಎಂಬ ಪ್ರಶ್ನೆಗಳಿಗೆ ಬರೆದೇ ಉತ್ತರಿಸಬೇಕು.

ಕಾರ್ಡು ಅವಮಾನವಲ್ಲ. ಇಗರ್ಜಿಯ ಗುರುಗಳೂ, ಅಂದರೆ ಪಾದ್ರಿಗಳೂ, ಅದನ್ನು ಪಡೆದಿರಬೇಕು. ಸ್ವಯಂಸೇವಕರಿಗೆ ಉಚಿತ, 5 ವರ್ಷ ಚಾಲ್ತಿಯಲ್ಲಿರುತ್ತದೆ. ಬೇಗ ಅರ್ಜಿ ಹಾಕು.

ರಿಬ್ಬನ್‌ಗಳು ನಾನು ಬಂದಾಗಲೂ ಇದ್ದವು. ಬಲಿಪೂಜೆ ಮುಗಿಸಿ ಹೊರಬಂದ ಅಜ್ಜಿಯೊಬ್ಬರು, ಬಾಲ್ಯದಲ್ಲಿ ಇಲ್ಲಿನ ಇಗರ್ಜಿ, ಶಾಲೆಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ನಾವಿದ್ದೇವೆಂದು ತಿಳಿಸಲು ಅವನ್ನು ಕಟ್ಟುತ್ತಾರೆಂದು ವಿವರಿಸಿದರು. 2015ರಲ್ಲಿ, ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ತನಿಖೆಗೆ ಸರಕಾರ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಆಯೋಗ ಈ ಊರಿನಲ್ಲಿ ವಿಚಾರಣೆ ನಡೆಸಿದಾಗ ಶುರುವಾದ ಪದ್ಧತಿಯದು. 2013ರಿಂದ 2017ರವರೆಗೆ ದೇಶವಿಡೀ ಸಂತ್ರಸ್ತರ ಮಾತು ಕೇಳಿದ ಆ ಆಯೋಗದ ಪ್ರಕಾರ, ತಮಗಾದುದನ್ನು ಮೊದಲ ಬಾರಿ ಇನ್ನೊಬ್ಬರಿಗೆ ಹೇಳಲು ಅವರಿಗೆ ಸರಾಸರಿ 23.9 ವರ್ಷ ಹಿಡಿದಿತ್ತು.

ಅಷ್ಟು ಕಾಲ ಏಕೆ ಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಂದ. ಹುಡುಗನಾಗಿದ್ದಾಗ ತಾಯಿಗೆ ಹೇಳಿದ್ದಕ್ಕೆ, ಗುರುಗಳ ಮೇಲೆ ಅಪವಾದ ಹೊರಿಸುತ್ತೀಯಾ ಎಂದು ಅವರು ಪೆಟ್ಟು ತಿಂದಿದ್ದರು. ದೊಡ್ಡವರಾದ ಮೇಲೆ ಬಾಯಿಬಿಟ್ಟರೆ, ಕ್ಷಮಿಸಿಬಿಡು, ಪ್ರಾರ್ಥಿಸು ಎಂಬ ಸಮಾಧಾನವೇ ಎಲ್ಲರಿಂದ ಸಿಕ್ಕಿತು; ತನ್ನನ್ನು ಇಗರ್ಜಿಯಿಂದ ದೂರ ಮಾಡಿದ್ದು ಒಳ್ಳೆಯವರ ಆ ಮಾತುಗಳೇ ಎಂದು ಅವರು ನನಗೆ ಹೇಳಿದಾಗ, ನಮ್ಮ ಊರಿನಲ್ಲಿ ಎಷ್ಟು ಸಲ ಅದೇ ಮಾತು ಕೇಳಿದ್ದೇನೆಂದು ನೆನೆದು ತಲೆತಗ್ಗಿಸಿದೆ. ಅವರು ಕೇಳಿದ್ದು ಬಹಳವೇನಲ್ಲ: ಮಾತುಕತೆ ಇಗರ್ಜಿಯ ಕೋಣೆಯಲ್ಲಿ ಬೇಡ, ಊರಿನ ಗ್ರಂಥಾಲಯದಲ್ಲಾಗಲಿ, ಪೂಜೆಗೆ ಬಂದರೆ ಬಾಗಿಲ ಬಳಿಯ ಬೆಂಚು ಬಿಟ್ಟಿರಲಿ, ಶಾಂತಿ ಹಾರೈಸುವಾಗ ಯಾರೂ ಕೇಳದೆ ಕೈ ಹಿಡಿಯದಿರಲಿ, ದೂರು ಎಲ್ಲಿಗೆ ಬಂತೆಂದು ತಾನು ಕೇಳುವ ಮೊದಲೇ ತಿಳಿಸಲಿ, ಸಭಾಂಗಣದ ಗೋಡೆಯಲ್ಲಿರುವ ಆ ಗುರುವಿನ ಫೋಟೊ ಇಳಿಯಲಿ. ಫೋಟೊ ಇಳಿಸಲಿಕ್ಕೇ ಅತಿ ಹೆಚ್ಚು ಕಾಲ ಹಿಡಿಯಿತು.

ಇಗರ್ಜಿಯ ವಾಳೆಯ ಮುಖಂಡರಾದ ಗುರಿಕಾರರಿಗೆ ಹೇಳಿ, ಮನೆತನದ ಮರ್ಯಾದೆ ನೋಡಿ, ಒಳಗೊಳಗೇ ಮುಗಿಸುವ ನಮ್ಮ ರೀತಿ ನಿನಗೆ ಗೊತ್ತು. ಇಲ್ಲಿ ಅದು ನಡೆಯದು. ಮಗುವಿನ ಮೇಲೆ ಇಂತಹ ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದರೆ ವಯಸ್ಕರೆಲ್ಲರೂ ಪೊಲೀಸರಿಗೆ ತಿಳಿಸಬೇಕೆಂಬ ಕಾನೂನು ಬ್ಯಾಲರಾಟ್ ಇರುವ ವಿಕ್ಟೋರಿಯ ರಾಜ್ಯದಲ್ಲಿ 2014ರಿಂದ ಇದೆ. 2020ರಿಂದ ಗುರುಗಳಿಗೆ ಪಾಪನಿವೇದನೆಯ ಗುಟ್ಟೂ ನೆಪವಾಗದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮೂ ದೂರು ಕೊಡುವುದನ್ನು ಕಡ್ಡಾಯ ಮಾಡಿದೆ. ತರಗತಿಯ ಮಗುವೊಂದು ನಿನ್ನ ಬಳಿ ಏನಾದರೂ ಹೇಳಿದರೆ ಗುಟ್ಟಾಗಿಡುವ ಭಾಷೆ ಕೊಡಬೇಡ, ಕೆದಕಿ ಕೇಳಬೇಡ. ನಂಬುತ್ತೇನೆಂದು ಹೇಳಿ ಅಂದೇ ತಿಳಿಸಬೇಕಾದಲ್ಲಿಗೆ ತಿಳಿಸು.

ತೆನೆ ಹಬ್ಬದಂದು ಮರಿಯಮ್ಮನಿಗೆ ಹೂ ಅರ್ಪಿಸಲು ನಿಲ್ಲುವ ನಮ್ಮ ಮಕ್ಕಳ ಸಾಲನ್ನು ನೆನೆದರೆ ಇಂದಿಗೂ ಹೆಮ್ಮೆಯಿಂದ ಕಣ್ಣು ತುಂಬುತ್ತದೆ. ಆ ಸಾಲಿನಲ್ಲಿ ನಿಂತಿದ್ದ ನಮಗೆ, ಯಾರಾದರೂ ನೋಯಿಸಿದರೆ ಯಾರ ಬಳಿ ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬ ಕೊರಗು ಮಾತ್ರ ಹೋಗಿಲ್ಲ. ರಜೆಗೆ ಊರಿಗೆ ಹೋದಾಗ ಇಗರ್ಜಿಯ ಪಾಲನಾ ಮಂಡಳಿಯವರನ್ನು ಕಂಡು, ಮಕ್ಕಳ ಸಹಾಯವಾಣಿ 1098ನ್ನೂ ದೂರು ಕೇಳುವ ಒಬ್ಬ ಮಹಿಳೆಯ ಹೆಸರನ್ನೂ ಮಕ್ಕಳ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ ಬರೆದು ಹಾಕುವಂತೆ ಕೇಳು. ಬೇಕಾದರೆ ನನ್ನ ಹೆಸರಿನಲ್ಲೂ ಕೇಳು.